ರುಚಿ ನೋಡದೆ ಮಾಡಿದ ಪಿಜ್ಜಾ ಸಾಸ್

ನಮ್ಮಮ್ಮನ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ದೇವರಿಗೆ ನೈವೇದ್ಯವಾಗುವ ತನಕ ಒಲೆಯ ಮೇಲಿನ ಯಾವುದನ್ನೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಉಪ್ಪು, ಹುಳಿ ಎಲ್ಲವೂ ಕೈಯಂದಾಜು. ನನ್ನ ಅಂದಾಜು ಮೊದಲಿನಿಂದಲೂ ಅಷ್ಟಕ್ಕಷ್ಟೇ. ತಂಗಿ ಹಾಗಲ್ಲ. ಕುದಿಯುವ ಸಾರಿನ ಆವಿಗೆ ಮೂಗು ಒಡ್ಡಿ, "ಅಕ್ಕ, ಉಪ್ಪು ಹಾಕಿಲ್ಲ ಕಣೇ" ಎಂದಳೆಂದರೆ ನಾನು ಹಾಕಿರುತ್ತಿರಲಿಲ್ಲ. ಅದು ಹೇಗೆ ಗೊತ್ತಾಗುತ್ತಿತ್ತೋ, ನನಗಂತೂ ಹೊಟ್ಟೆಕಿಚ್ಚು. ಅಮ್ಮ ಹೋಗಿ ಎಷ್ಟೋ ವರ್ಷವಾದರೂ ನನ್ನ ಕೈ ಸೌಟಿನಿಂದ ಬಾಯಿಗೆ ಹೋಗುವುದನ್ನು ಕಲಿಯಲೇ ಇಲ್ಲ.

ತಂಗಿಯ ಗಂಟಲಿಗೆ ರೇಡಿಯೇಷನ್ ಕೊಟ್ಟರು. ಕಾಯಿಲೆ ಹೋಯಿತು, ಜೊತೆಗೆ ರುಚಿಯೂ ಹೋಯಿತು. ಮೇಟಗಳ್ಳಿಯ ಅವಳ ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಯಾದವಗಿರಿಗೆ, ನನ್ನ ಮನೆಗೆ ಕರೆತಂದೆ. ಅನ್ನವೆಂದರೆ ಒದ್ದೆ ಹತ್ತಿ ಎನ್ನುವಳು. ನಾಲ್ಕು ತುತ್ತಿಗೆ ಏಳುವಳು. ಅವಳ ರವಿಕೆಗಳನ್ನು ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. "ರುಚಿ ಬಂದ್ರೆ ಒಂದು ವರ್ಷದೊಳಗೆ ಬರುತ್ತೆ. ಆಮೇಲೆ ಹೆಚ್ಚು ನಿರೀಕ್ಷೆ ಬೇಡ" ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಹನ್ನೊಂದನೆಯ ತಿಂಗಳಲ್ಲಿ ಅವಳು, "ಸ್ವಲ್ಪ ಸ್ವಲ್ಪ ಗೊತ್ತಾಗ್ತಿದೆ ಕಣೇ" ಎನ್ನತೊಡಗಿದಳು. ನಾನು ನಂಬಿದೆ. ನಂಬದೆ ಏನು ಮಾಡಲಿ?

ವರ್ಷ ತುಂಬಲು ವಾರವಿರುವಾಗ ಪಿಜ್ಜಾ ಬೇಕೆಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿ ಎಷ್ಟು ದಿನವಾಗಿತ್ತೋ! ಅಂಗಡಿಯದು ಖಾರ, ಗಂಟಲು ಉರಿಯುತ್ತದೆಂದು ಸಾಸನ್ನು ಮನೆಯಲ್ಲೇ ಮಾಡಲು ಹೊರಟೆ. ಮೊಬೈಲಿನಲ್ಲಿ ಹುಡುಗಿಯೊಬ್ಬಳು ಮಾಡಿ ತೋರಿಸಿದ್ದನ್ನು ಮೂರು ಸಲ ನೋಡಿದೆ. ಅವಳೋ ಎರಡು ನಿಮಿಷಕ್ಕೊಮ್ಮೆ ಚಮಚ ನೆಕ್ಕುತ್ತಿದ್ದಳು. ನಾಚಿಕೆಯಿಲ್ಲದವಳು ಎಂದುಕೊಂಡೆ. ಒಂದು ಕಿಲೋ ಟೊಮೇಟೊ ಬೇಯಿಸಿ, ಸಿಪ್ಪೆ ತೆಗೆದು, ರುಬ್ಬಿ, ಬೆಳ್ಳುಳ್ಳಿ ಬಾಡಿಸಿದ ಎಣ್ಣೆಗೆ ಸುರಿದೆ. ಮೊಬೈಲಿನ ಹುಡುಗಿ ಹೇಳಿದ ಒಣಸೊಪ್ಪು ಮನೆಯಲ್ಲಿರಲಿಲ್ಲ. ಹಿತ್ತಿಲ ಕುಂಡದಿಂದ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ಹೆಚ್ಚಿ ಹಾಕಿದೆ. ತಂಗಿ ಸ್ಟೂಲಿನ ಮೇಲೆ ಕುಳಿತು, "ಅಮ್ಮ ಇದ್ದಿದ್ರೆ ಇದಕ್ಕೂ ಒಗ್ಗರಣೆ ಹಾಕ್ಬುಡೋರು" ಎಂದು ನಕ್ಕಳು.

ಅಷ್ಟರಲ್ಲಿ ಗ್ಯಾಸಿನವನು ಗೇಟಿನ ಹತ್ತಿರ ಕೂಗಿದ. ಸಿಲಿಂಡರ್ ಇಳಿಸಿಕೊಂಡು ಬರುವಷ್ಟರಲ್ಲಿ ಉಪ್ಪು ಹಾಕಿದ್ದೆನೋ ಇಲ್ಲವೋ ಮರೆತೇಹೋಗಿತ್ತು. ಬಾಣಲೆ ಕೊತಕೊತ ಕುದಿಯುತ್ತಿತ್ತು.

"ನೋಡೇ, ಉಪ್ಪು ಹಾಕಿದೀನಾ?"

ಅವಳು ಎದ್ದು ಬಂದು, ಮೊದಲಿನ ಹಾಗೆಯೇ ಕಣ್ಣು ಮುಚ್ಚಿ ಆವಿಗೆ ಮೂಗು ಒಡ್ಡಿದಳು. "ಹಾಕಿಲ್ಲ ಕಣೇ, ಹಾಕು."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಚಮಚ ತುಂಬ ಹಾಕಿದೆ.

ಬೇಕರಿಯಿಂದ ತಂದ ಮೆತ್ತನೆಯ ಬ್ರೆಡ್ಡಿಗೆ ಸಾಸ್ ಬಳಿದು, ಚೀಸ್ ತುರಿದು, ತವೆಯ ಮೇಲೆ ಮುಚ್ಚಿಟ್ಟು ಕೊಟ್ಟೆ. ಎರಡು ತುಂಡು ತಿಂದಳು. ನಡುನಡುವೆ ನೀರು ಕುಡಿದಳು. ಬಾಯೊಣಗುವುದು ಅವಳಿಗೆ ಮಾಮೂಲು, ನಾನು ಗಮನಿಸಲಿಲ್ಲ. "ಎಷ್ಟು ಚೆನ್ನಾಗಿದೆ ಗೊತ್ತಾ! ಹುಳಿ, ಉಪ್ಪು ಎಲ್ಲ ಹದವಾಗಿದೆ" ಎಂದಳು.

ಆಮೇಲೆ ನಾನು ಕಚ್ಚಿದೆ. ಉಪ್ಪೆಂದರೆ ಉಪ್ಪು. ನಾಯಿಯೂ ಮೂಸುತ್ತಿರಲಿಲ್ಲ. ಮೊದಲೇ ಹಾಕಿದ್ದೆ, ಎರಡನೆಯ ಸಲ ಅವಳ ಮಾತು ಕೇಳಿ ಸುರಿದಿದ್ದೆ. ಉಗುಳಬೇಕೆಂದು ತಲೆಯೆತ್ತಿದರೆ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಾನು ತಿಂದದ್ದು ಹೇಗಿತ್ತೆಂದು ನನ್ನ ಮುಖದಿಂದ ತಿಳಿದುಕೊಳ್ಳಲು ಕಾಯುತ್ತಿದ್ದಳು. ಇಷ್ಟು ದಿನವೂ ಹೀಗೇ ನೋಡುತ್ತಿದ್ದಳು, ನನಗೇ ತಿಳಿದಿರಲಿಲ್ಲ.

"ಹೇಗಿದೆ?"

ನುಂಗಿದೆ. "ಸರಿಯಾಗಿದೆ."

"ನಾನ್ ಹೇಳ್ದೆ ತಾನೇ, ಉಪ್ಪು ಹಾಕು ಅಂತ" ಎಂದಳು. ಉಳಿದ ಸಾಸನ್ನು ನಾಳೆಗೆ ಎತ್ತಿಡಲು ಹೇಳಿ ಮಲಗಲು ಹೋದಳು.

ವರ್ಷ ತುಂಬಿತು. ರುಚಿ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಇಬ್ಬರೂ ಆ ಮಾತೆತ್ತುವುದಿಲ್ಲ. ಈಗ ನಾನು ಏನೇ ಮಾಡಿದರೂ, ಅವಳು ಆಚೆಗಿರುವಾಗ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತೇನೆ. ಹದವಾಗಿದ್ದರೆ ಅವಳನ್ನು ಒಳಗೆ ಕರೆದು ಕೇಳುತ್ತೇನೆ, "ಉಪ್ಪು ಸರಿಯಾಗಿದೆಯಾ ನೋಡೇ."