ನಾಗಮ್ಮತ್ತೆ ಬಚ್ಚಿಟ್ಟ ಹನ್ನೆರಡು ವರ್ಷ

ನಮ್ಮ ಸೋದರತ್ತೆ ನಾಗಮ್ಮನ ವಯಸ್ಸು ಈಚೆಗೆ ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ವರ್ಷ ಏರಿತು.

ನಗಬೇಡಿ. ಆಕೆಯ ಜೀವ ಉಳಿಯಲು ಅದೊಂದೇ ದಾರಿ ಇತ್ತು.

ಅತ್ತೆಯದು ಜೇವರ್ಗಿ ತಾಲೂಕಿನ ನೆಲೋಗಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೃದಯದ ವಾಲ್ವ್ ಬದಲಿಸಬೇಕು, ತಡ ಮಾಡಬೇಡಿ ಎಂದರು ಕಲಬುರಗಿಯ ಡಾಕ್ಟರು. ಸರಕಾರದ ಆರೋಗ್ಯ ಕಾರ್ಡ್ ಇದ್ದರೆ ಖರ್ಚಿನ ಚಿಂತೆ ಇಲ್ಲ ಎಂದೂ ಹೇಳಿದರು.

ಸರಿ, ಯಾವ ಕಾರ್ಡು? (ಈ ಅಂಕಣದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವ ನನಗೇ ಇದು ತಿಳಿಯಲು ಮೂರು ದಿನ ಹಿಡಿಯಿತು.) ಬಿಪಿಎಲ್ ಮನೆಯವರಿಗೆ ಒಂದಿದೆ, ಅತ್ತೆಯ ಮಗ ಜೀಪು ಕೊಂಡ ದಿನವೇ ಆ ಬಾಗಿಲು ಬಂದ್. ಸಹಕಾರಿ ಸೊಸೈಟಿ ಸದಸ್ಯರಿಗೆ ಇನ್ನೊಂದಿದೆ. ಅತ್ತೆ ಯಾವ ಸೊಸೈಟಿಯ ಮೆಟ್ಟಿಲೂ ಹತ್ತಿದವಳಲ್ಲ. ಉಳಿದದ್ದು ಎಪ್ಪತ್ತು ದಾಟಿದವರ ಕಾರ್ಡು. ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ, ವಯಸ್ಸಾಗಿದ್ದರೆ ಸಾಕು. ಅತ್ತೆಯ ಮುಖ ನೋಡಿದ ಯಾರಿಗಾದರೂ ಅನುಮಾನ ಬಂದೀತೆ?

ಕಂಪ್ಯೂಟರಿಗೆ ಬಂತು.

"ಆಧಾರದಾಗ ಅರವತ್ತಾರ ತೋರ್ಸಾಕತ್ತದರಿ. ಇನ್ನಾ ನಾಕ ವರ್ಷ ಬಿಟ್ಟ ಬರ್ರಿ" ಎಂದರು ಜೇವರ್ಗಿಯಲ್ಲಿ ಕಾರ್ಡು ಮಾಡಿಸುವ ಸೆಂಟರಿನ ಮೇಡಂ.

ನಾಲ್ಕು ವರ್ಷ! ಆ ಹೃದಯಕ್ಕೆ ಅಷ್ಟು ಪುರುಸೊತ್ತು ಎಲ್ಲಿದೆ? ನನಗೆ ಅಳು ಬಂದಂತಾಯಿತು. ಅತ್ತೆ ಮಾತ್ರ ಸೆರಗು ಮುಂದೆಳೆದು ನೆಲ ನೋಡುತ್ತಿದ್ದಳು. ಹೊರಗೆ ಬೇವಿನ ನೆರಳಿಗೆ ಕರೆದೊಯ್ದು ಕೇಳಿದೆ.

"ಅತ್ತಿ, ಖರೇ ಹೇಳು. ನಿನಗ ವಯಸ್ಸೆಷ್ಟು?"

"ರಜಾಕಾರರ ಗದ್ದಲದಾಗ ನಾ ತೊಟ್ಟಿಲದಾಗ ಇದ್ದೆನಂತ." ಅಂದರೆ ಸ್ವಾತಂತ್ರ್ಯ ಬಂದ ಹೊತ್ತು. ಎಪ್ಪತ್ತು ಎಂದೋ ದಾಟಿದೆ!

"ಮತ್ತ ಆಧಾರದಾಗ?"

"ನಾನೇ ಕಮ್ಮಿ ಬರ್ಸೀನಿ ಮಗಾ. ಆವಾಗ ಉದ್ಯೋಗ ಖಾತ್ರಿ ಕೆಲಸ ನಡದಿತ್ತು. ಮುದುಕಿ ಅಂದ್ರ ಬುಟ್ಟಿ ಯಾರ ಹೊರಸ್ತಾರ? ಐವತ್ಮೂರ ಅಂದೆ. ಬರ್ಕೊಂಡ್ರು."

ಬೈಯುವುದು ಹೇಗೆ? ನಾವು ತಲೆಗೆ ಬಣ್ಣ ಹಚ್ಚುವುದಿಲ್ಲವೆ? (ನಾನು ಹಚ್ಚುತ್ತೇನೆ. ಮೇಲಿನ ಫೋಟೋ ನಂಬಬೇಡಿ.) ನಾವು ಚಂದಕ್ಕೆ ವಯಸ್ಸು ಇಳಿಸುತ್ತೇವೆ, ಆಕೆ ಕೂಲಿಗೆ ಇಳಿಸಿದ್ದಳು.

ವಯಸ್ಸು ತಿದ್ದಲು ಪುರಾವೆ ಬೇಕು. ಶಾಲೆಗೆ ಹೋಗಿದ್ದೆಯಾ ಎಂದು ಕೇಳಿದೆ. "ಎಂಟ ದಿನ, ನೆಲೋಗಿ ಸಾಲಿಗೆ" ಎಂದಳು.

ನೆಲೋಗಿ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಕಿಟಕಿಯಾಚೆ ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿ. ನನಗೂ ಜೊಂಪು. ಬಸ್ಸು ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ, ಒಂದು ಕ್ಷಣ ಗೊತ್ತಾಗಲಿಲ್ಲ.

ಶಾಲೆಯ ಹೆಡ್ ಮೇಡಂ ಅಲ್ಮಾರದ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ದಾಖಲಾತಿ ರಿಜಿಸ್ಟರ್ ತೆಗೆದರು. ಪೂರಾ ಉರ್ದು! ನಿಜಾಮರು ಹೋದರೂ ಅವರ ರೂಢಿ ಇನ್ನೂ ಹೋಗಿರದ ಕಾಲದ್ದು. ಮೇಡಂಗೂ ಬಾರದು, ನನಗೂ ಬಾರದು. ರಸ್ತೆಯಾಚೆಯ ಟೇಲರ್ ಚಾಂದಸಾಬರು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು. ಅವರ ಬೆರಳು ಬಲದಿಂದ ಎಡಕ್ಕೆ ಮೆಲ್ಲಗೆ ಸರಿಯಿತು.

ಪಕ್ಕದ ಕೋಣೆಯಲ್ಲಿ ಮಕ್ಕಳ ಮಗ್ಗಿ. ಇಲ್ಲಿ ಒಂದೊಂದೇ ಹೆಸರು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಇಂವ ಗೌಡರ ಹೊಲದಾಗ ಸೌತಿಕಾಯಿ ಕದೀತಿದ್ದ... ಈಕಿ ಲಗ್ನ ಆಗಿ ಅಫಜಲಪುರಕ್ಕ ಹ್ವಾದಳು, ತಿರುಗಿ ಬರಲೇ ಇಲ್ಲ." ಹಾಳೆಯಿಂದ ಧೂಳುಗಾಲಿನ ಮಕ್ಕಳು ಇಳಿದು ಬಂದು ನಮ್ಮ ಸುತ್ತ ಕೂತಂತೆ ಅನ್ನಿಸುತ್ತಿತ್ತು. ಆ ಕೋಣೆ ಬಿಟ್ಟು ಏಳುವ ಮನಸ್ಸೇ ನನಗಿರಲಿಲ್ಲ.

"ನಾಗಮ್ಮಾ" ಎಂದು ಓದಿದರು ಚಾಂದಸಾಬರು. "ಬಾಪ್ ಕಾ ನಾಮ್ ಶರಣಪ್ಪಾ. ಉಮ್ರ್ ಛೇ ಸಾಲ್. ಅಪ್ಪ ಶರಣಪ್ಪ, ವಯಸ್ಸ ಆರ ವರ್ಷ ಅಂತ ಬರ್ದಾರ್ರಿ."

ಅತ್ತೆ ಥಟ್ಟನೆ ಎದ್ದು ನಿಂತಳು. ಕೈಕಟ್ಟಿದಳು.

"ಹಾಜರ್ ರೀ!"

ಯಾರೂ ನಗಲಿಲ್ಲ. ಮೇಡಂ ಕಣ್ಣೊರೆಸಿಕೊಂಡರು. ಶಾಲೆಗೆ ಸೇರಿಸಿದ ಇಸವಿಯಿಂದ ಲೆಕ್ಕ ಹಾಕಿದರೆ ಎಪ್ಪತ್ತೆಂಟು. ಎಂಟೇ ದಿನದ ಶಾಲೆ ಇಷ್ಟು ಕಾಲದ ಮೇಲೆ ಉಪಯೋಗಕ್ಕೆ ಬಂತು.

ಶಾಲೆಯ ಸರ್ಟಿಫಿಕೇಟ್, ಆಧಾರ್ ತಿದ್ದುಪಡಿ, ಓಡಾಟ ಬಹಳವಾಯಿತು. ಪ್ರತಿ ಬೆಳಿಗ್ಗೆ ಫೋನ್ ಮಾಡಿ ಅತ್ತೆಯ ದನಿ ಕೇಳಿದ ಮೇಲೇ ನನ್ನ ಚಹಾ. (ನಿಮ್ಮ ಮನೆಯ ಹಿರಿಯರ ಆಧಾರನ್ನೊಮ್ಮೆ ತೆಗೆದು ನೋಡಿ. ಈಗಲೇ.) ಕೊನೆಗೆ ಮೊನ್ನೆ ಕಾರ್ಡು ಬಂತು. ಬರುವ ಸೋಮವಾರ ಆಪರೇಷನ್.

ಕಾರ್ಡನ್ನು ಕೈಗೆ ಕೊಟ್ಟೆ. ಅತ್ತೆ ಅದರ ಮೇಲಿನ ತನ್ನ ಫೋಟೋವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಎದಿ ಛಲೋ ಆಗಿ ಮತ್ತ ಕೆಲಸಕ್ಕ ಹ್ವಾದ್ರ, ಆವಾಗ ನನಗ ಎಷ್ಟ ವಯಸ್ಸಂತ ಹೇಳ್ಲಿ ಮಗಾ?"