ಕಾಕಾರ ಪಾಳಿ

ನಮ್ಮ ಕಡೆ ಎಲ್ಲದಕ್ಕೂ ಪಾಳಿ ಇದೆ. ಕಾಲುವೆ ನೀರಿಗೆ ಪಾಳಿ, ಹೊಲದ ತ್ರೀ ಫೇಸ್ ಕರೆಂಟಿಗೆ ಪಾಳಿ, ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಬಂದರೆ ಅದಕ್ಕೂ ಪಾಳಿ. ಹೀಗಾಗಿ ನಾವು ನಾಲ್ಕು ಜನ ಹವ್ಯಾಸಿ ರೇಡಿಯೊದವರು ತರಂಗಾಂತರ ಹಂಚಿಕೊಳ್ಳಲು ಕೂತಾಗ ಅದಕ್ಕೂ ಪಾಳಿ ಅಂತಲೇ ಹೆಸರು ಬಿತ್ತು. ಹಂಚುವ ಕೆಲಸ ನನ್ನ ತಲೆಗೆ ಬಂತು. ನಾನು ಇಂಡಿ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ದನಿ ಜೋರು, ಸಿಟ್ಟು ಅದಕ್ಕಿಂತ ಜೋರು. ಜಗಳ ಬಂದರೆ ಇವಳೇ ನೋಡಿಕೊಳ್ಳಲಿ ಅಂತ ಉಳಿದ ಮೂವರೂ ನನ್ನನ್ನು ಮುಂದೆ ಮಾಡಿ ಕೈ ತೊಳೆದುಕೊಂಡರು.

ಹಳೆಯ ರೇಡಿಯೊದ ಮುಳ್ಳು ಎಡಕ್ಕೆ ಹೋಗಿ ನಿಲ್ಲುತ್ತದಲ್ಲ, ಅದಕ್ಕಿಂತ ಕೆಳಗೆ ನಮ್ಮಂಥವರಿಗೆ ಒಂದು ಸಣ್ಣ ತುಂಡು ಜಾಗವಿದೆ. ಒಟ್ಟು ಏಳು ಕಿಲೋಹರ್ಟ್ಸ್ ಅಗಲ. ಅಲ್ಲಿ ನಾವು ಮಾತಾಡುವುದಿಲ್ಲ. ಕಂಪ್ಯೂಟರ್ ನಮ್ಮ ಕರೆಸಂಕೇತವನ್ನು, ಅಂದರೆ ಲೈಸೆನ್ಸಿನ ಹೆಸರನ್ನು, ಸಣ್ಣ ಸ್ವರಗಳಾಗಿ ಕಳಿಸುತ್ತದೆ, ಆಚೆ ಕಡೆಯ ಪರದೆಯ ಮೇಲೆ ಅದು ಗೆರೆಯಾಗಿ ಇಳಿಯುತ್ತದೆ, ಅಲ್ಲಿನ ಕಂಪ್ಯೂಟರ್ ಅದನ್ನು ಗದ್ದಲದೊಳಗಿಂದ ಹೆಕ್ಕಿ ಅಕ್ಷರ ಮಾಡಿ ತೋರಿಸುತ್ತದೆ. ಹದಿನೈದು ಸೆಕೆಂಡು ಒಬ್ಬರು ಕಳಿಸಬೇಕು, ಮುಂದಿನ ಹದಿನೈದು ಸೆಕೆಂಡು ಸುಮ್ಮನಿದ್ದು ಕೇಳಬೇಕು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಾಲಿಟ್ಟರೆ ಇಬ್ಬರದೂ ಹಾಳು. ಇದರ ಮೇಲೆ ಪಂಪ್‌ಸೆಟ್ಟಿನ ಕಾಟ. ಹೊಲಕ್ಕೆ ಕರೆಂಟ್ ಬಂತೆಂದರೆ ನನ್ನ ಮನೆಯ ಸುತ್ತಲಿನ ನಿಂಬೆ ತೋಟದ ಮೋಟರುಗಳು ಶುರುವಾಗಿ ಪರದೆ ತುಂಬ ಬರೀ ಗದ್ದಲ. ಅದಕ್ಕೇ ಕರೆಂಟಿನ ಪಾಳಿ ನೋಡಿಕೊಂಡು ನಮ್ಮ ಪಾಳಿ ಹಾಕುತ್ತಿದ್ದೆ.

ಇಷ್ಟೆಲ್ಲ ಮಾಡಿದ್ದು ಮುದ್ದೇಬಿಹಾಳದ ಕಾಕಾರಿಗಾಗಿ. ತಾರ್ ಆಫೀಸಿನಲ್ಲಿ ಟೆಲಿಗ್ರಾಂ ಕಳಿಸುತ್ತ ದುಡಿದು ನಿವೃತ್ತರಾದವರು, ನಮ್ಮೆಲ್ಲರಿಗೂ ಮೋರ್ಸ್ ಕಲಿಸಿದವರು. ನಾನು ತಪ್ಪಿದಾಗ ಬೆರಳಿನ ಮೇಲೆ ಪೆನ್ಸಿಲ್ಲಿನಿಂದ ಕುಟ್ಟುತ್ತಿದ್ದರು. ಈಗ ಅವರ ಕಿವಿ ಹೋಗುತ್ತಾ ಬಂದಿತ್ತು. "ಮಾತು ಕೇಳಂಗಿಲ್ಲ ಖರೆ, ಮೋರ್ಸ್ ಸ್ವರ ಕೇಳಸ್ತದ" ಅಂತ ನಮ್ಮ ಮುಂದೆ ಹೇಳುತ್ತಿದ್ದರು. ನಾವು ನಂಬಿದ್ದೆವು. ಆದರೂ ಇದರಲ್ಲಿ ಕಿವಿಯ ಗೊಡವೆ ಇಲ್ಲ, ಪರದೆ ನೋಡಿ ಓದಬಹುದು ಅಂತ ಅವರಿಗೆ ಈ ಡಿಜಿಟಲ್ ವ್ಯವಸ್ಥೆ ಹೂಡಿಕೊಟ್ಟೆವು. ಅವರ ಮನೆಯ ಹಿಂದಿನ ಖಾಲಿ ಪ್ಲಾಟಿನ ಆಚೆ ತುದಿಯಲ್ಲಿ ದೊಡ್ಡ ಬೇವಿನ ಗಿಡವಿತ್ತು. ಮಾಳಿಗೆಯಿಂದ ಆ ಗಿಡದ ತನಕ ತಂತಿ ಎಳೆದೆವು. ಇಷ್ಟು ಕೆಳಗಿನ ತರಂಗಕ್ಕೆ ಅಷ್ಟು ಉದ್ದದ ತಂತಿ ಬೇಕೇ ಬೇಕು.

ವಾರಗಟ್ಟಲೆ ಕೂತರೂ ಕಾಕಾರ ಒಂದು ಅಕ್ಷರವೂ ನಮಗೆ ಮುಟ್ಟಲಿಲ್ಲ, ನಮ್ಮದು ಅವರಿಗೆ ಮುಟ್ಟಲಿಲ್ಲ. ದಿನಾ ಸಂಜೆ ಅವರಿಂದ ಫೋನಿಗೆ ಒಂದು ಮೆಸೇಜು: "ಇವತ್ತೂ ಯಾರೂ ಕಾಣಲಿಲ್ಲ ತಂಗಿ. ಇರಲಿ." ಆ "ಇರಲಿ" ಓದಿದಾಗಲೆಲ್ಲ ನಾನು ಪಾಳಿಯ ಹಾಳೆ ತೆಗೆದು ಮತ್ತೆ ಹೊಸದಾಗಿ ಹಂಚಲು ಕೂರುತ್ತಿದ್ದೆ.

ನನ್ನ ಅನುಮಾನವೆಲ್ಲ ನಮ್ಮ ನಾಲ್ವರಲ್ಲಿ ಒಬ್ಬರಾದ ಬಸವನ ಬಾಗೇವಾಡಿಯ ಸಾವುಕಾರರ ಮೇಲೆ. ಮನಗೂಳಿ ರಸ್ತೆಯಲ್ಲಿ ಅವರದೊಂದು ಬೇಳೆ ಗಿರಣಿ, ಅದರ ಮೇಲೆ ಊರಿಗೆಲ್ಲ ಕಾಣುವ ಆಂಟೆನಾ ಕಂಬ. ಅವರ ಸಿಗ್ನಲ್ ಎಷ್ಟು ಜೋರೆಂದರೆ ತಮ್ಮ ಜಾಗ ಬಿಟ್ಟು ಅಕ್ಕಪಕ್ಕಕ್ಕೂ ಸಿಡಿಯುತ್ತಿತ್ತು. ಕಾಕಾರ ಜಾಗದಲ್ಲಿ ನನ್ನ ಪರದೆಯ ಮೇಲೆ ಆಗಾಗ ಒಂದು ತೆಳು ಹಳದಿ ಗೆರೆ ಇಳಿಯುತ್ತಿತ್ತು, ಆದರೆ ಕಂಪ್ಯೂಟರ್ ಅದರಿಂದ ಒಂದಕ್ಷರವನ್ನೂ ಹೆಕ್ಕುತ್ತಿರಲಿಲ್ಲ. ಅದು ಸಾವುಕಾರರ ಸಿಡಿತವೇ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಕಾಕಾರ ಜಾಗ ಬದಲಿಸಿದೆ, ಸಾವುಕಾರರನ್ನು ದೂರ ಸರಿಸಿದೆ, ಮತ್ತೆ ಸರಿಸಿದೆ.

"ಮೇಡಂ, ಇನ್ನ ಎಲ್ಲಿಗಂತ ಸರೀಲ್ರಿ? ಇನ್ನೊಂದ್ ಸ್ವಲ್ಪ ಸರದ್ರ ಸೀದಾ ಕೃಷ್ಣಾ ಹೊಳ್ಯಾಗ ಬೀಳ್ತೇನಿ" ಅಂದರು.

ಸಿಂದಗಿಯ ಮಾಸ್ತರು ನಮ್ಮ ನಾಲ್ಕನೆಯವರು, ನಡುವೆ ಬಿದ್ದು ಸಮಾಧಾನ ಮಾಡುವುದೇ ಅವರ ಕೆಲಸ. ಆದರೆ ಸಮಾಧಾನಕ್ಕೆ ಹೊತ್ತಿರಲಿಲ್ಲ. ಖಾಲಿ ಪ್ಲಾಟು ಮಾರಾಟವಾಗಿತ್ತು. ಭಾನುವಾರ ಬೆಳಿಗ್ಗೆ ಗಿಡ ಕಡಿದು ಬುನಾದಿ ತೆಗೆಯುವವರಿದ್ದರು. ಗಿಡ ಹೋದರೆ ತಂತಿ ಹೋಯಿತು. ಮುದ್ದೇಬಿಹಾಳದ ಆ ಓಣಿಯಲ್ಲಿ ಅಷ್ಟುದ್ದ ಬಯಲು ಇನ್ನೊಂದಿಲ್ಲ. ಶನಿವಾರದ ಸಂಜೆ ಮಾತ್ರ ಉಳಿದಿತ್ತು. "ಒಮ್ಮೆ ಆದ್ರೂ ಯಾರಿಗರೆ ಮುಟ್ಟಿದ್ರ ಸಾಕಿತ್ತು" ಅಂತ ಕಾಕಾ ಮೆಸೇಜು ಹಾಕಿದ್ದರು. ಅವರಿಗೆ ಅದು ಆಟವಾಗಿರಲಿಲ್ಲ. ಜೀವಮಾನವಿಡೀ ದೂರದವರಿಗೆ ಸುದ್ದಿ ಮುಟ್ಟಿಸಿದ ಮನುಷ್ಯ, ಇನ್ನೂ ಆ ಕೆಲಸದವನು ಹೌದೋ ಅಲ್ಲವೋ ಎಂಬುದು ಅಲ್ಲಿ ಇತ್ಯರ್ಥವಾಗಬೇಕಿತ್ತು.

ನಾನು ಹುಕುಂ ಹೊರಡಿಸಿದೆ: ಶನಿವಾರ ಹೊತ್ತು ಮುಳುಗುವಾಗ ಆ ತುಂಡು ಜಾಗವಿಡೀ ಕಾಕಾರದು. ಅವರು ಕರೆಯಬೇಕು, ನಾನೊಬ್ಬಳೇ ಉತ್ತರ ಕೊಡಬೇಕು. ಉಳಿದವರು ಬಂದ್. ಆ ವಾರ ನಮ್ಮ ಹೊಲಗಳಿಗೆ ಕರೆಂಟ್ ಪಾಳಿ ಕತ್ತಲಾದ ಮೇಲೆ ಇತ್ತು. ಮೋಟರು ಶುರುವಾಗುವುದರೊಳಗೆ ಆಗಬೇಕು, ಇಲ್ಲವಾದರೆ ಇಲ್ಲ.

ಶನಿವಾರ ಪರದೆಯ ಮುಂದೆ ಕೂತೆ. ಕಾಕಾ ಕರೆಯಲು ಶುರು ಮಾಡಿರಬೇಕು, ಆದರೆ ಅಕ್ಷರದ ಸುಳಿವಿಲ್ಲ. ಅಷ್ಟರಲ್ಲಿ ಅದೇ ಹಳದಿ ಗೆರೆ ಅದೇ ಜಾಗದಲ್ಲಿ ಇಳಿಯಿತು. ನನ್ನ ಮೈಯೆಲ್ಲ ಉರಿದುಹೋಯಿತು. ಸಾವುಕಾರರಿಗೆ ಫೋನ್ ಹಚ್ಚಿದೆ.

"ಏನ್ರಿ ಸಾವ್ಕಾರ್ರ, ಇವತ್ತೊಂದ್ ದಿವ್ಸರೆ ಸುಮ್ನಿರಾಕ ಆಗಂಗಿಲ್ಲೇನು? ನಾಳೆ ಆ ಗಿಡಾ ಕಡೀತಾರ. ಮನುಷ್ಯಾರಂದ್ರ ನಿಮಗ ಕಿಮ್ಮತ್ತ ಇಲ್ಲೇನ್ರಿ?"

ಅವರು ಪೂರ್ತಿ ಕೇಳಿಸಿಕೊಂಡರು. "ಬೈಯೂದು ಮುಗೀತ್ರಿ? ನನ್ ಮಷೀನ್ ಬಂದ್ ಐತಿ. ಕಾಕಾರ್ದು ನನಗರೆ ಕಂಡೀತು ಅಂತ ಗಿರಣಿ ಸೈತ ಬಂದ್ ಮಾಡ್ಸೇನಿ. ಆಳುಗಳೆಲ್ಲ ಚಾ ಕುಡ್ಕೋತ ಕುಂತಾರ. ನನ್ ಪರದೆ ಮ್ಯಾಲೂ ಆ ಗೆರಿ ಬರಾಕತ್ತೈತ್ರಿ ಮೇಡಂ. ಅದು ನಂದಲ್ಲ."

ಮಾಸ್ತರು ಬಂದ್ ಇಟ್ಟಿದ್ದೇನೆಂದು ಆಗಲೇ ತಿಳಿಸಿದ್ದರು. ಹಾಗಾದರೆ ಆ ಗೆರೆ ಯಾರದು? ಕಣ್ಣು ಹತ್ತಿರ ಒಯ್ದು ನೋಡಿದೆ. ಹದಿನೈದು ಸೆಕೆಂಡಿಗೊಮ್ಮೆ ಪರದೆಯ ಮೇಲೆ ಒಂದು ಅಡ್ಡಗೆರೆ ಬೀಳುತ್ತದೆ, ಎಲ್ಲರ ಸಿಗ್ನಲ್ಲೂ ಅಲ್ಲಿಂದಲೇ ಶುರುವಾಗಬೇಕು. ಇದು ಅಡ್ಡಗೆರೆ ದಾಟಿ ಒಂದಷ್ಟು ಹೊತ್ತಾದ ಮೇಲೆ ಶುರುವಾಗುತ್ತಿತ್ತು. ಪ್ರತಿ ಸಲವೂ ಅಷ್ಟೇ ತಡ. ಅದು ಕಾಕಾರದೇ. ಇಷ್ಟು ವಾರವೂ ಅವರದೇ. ಅವರ ಕಂಪ್ಯೂಟರಿನ ಗಡಿಯಾರ ಹಿಂದಿತ್ತು. ಗಡಿಯಾರ ಒಂದಕ್ಕೊಂದು ಕೂಡದಿದ್ದರೆ ಈ ವಿಧಾನದಲ್ಲಿ ಯಾರಿಗೂ ಯಾರೂ ತಿಳಿಯುವುದಿಲ್ಲ. ನಮ್ಮ ಗಡಿಯಾರಗಳು ಇಂಟರ್‌ನೆಟ್ಟಿನಿಂದ ತಾವೇ ಸರಿಯಾಗುತ್ತಿದ್ದವು. ಕಾಕಾರ ಮನೆಯಲ್ಲಿ ಇಂಟರ್‌ನೆಟ್ ಇದ್ದದ್ದು ಫೋನಿನಲ್ಲಿ ಮಾತ್ರ. ಹಾಗಾದರೆ ಅವರು ಕಂಪ್ಯೂಟರಿಗೆ ವೇಳೆ ಹಚ್ಚುವುದು ಹೇಗೆ ಅಂತ ನಾವು ಮೂವರು ಜಾಣರೂ ಕೇಳಿರಲಿಲ್ಲ.

ಕಾಕಾರ ಹೆಂಡತಿ ಕಾಕೂಗೆ ಫೋನ್ ಮಾಡಿ ಕೇಳಿದೆ. "ರೇಡಿಯೋದಾಗ ವಾರ್ತಾಕಿಂತ ಮೊದಲ ಪಿಪ್ ಪಿಪ್ ಅಂತದಲ್ಲ, ಅದಕ್ಕ ಹಚ್ಚತಾರವಾ. ತಾರ್ ಆಫೀಸಿನಾಗಿಂದನೂ ಅದ ರೂಢಿ" ಅಂದರು.

"ಆ ಪಿಪ್ ಈಗ ಅವ್ರಿಗೆ ಕೇಳಸ್ತೈತೇನ್ರಿ ಕಾಕೂ?"

ಗಂಡನಿಗೆ ಹೇಗೂ ಕೇಳಿಸದು, ಆದರೂ ಕಾಕೂ ದನಿ ತಗ್ಗಿಸಿದರು. "ಇಲ್ಲವಾ. ಏನೂ ಕೇಳಂಗಿಲ್ಲ. ರೇಡಿಯೋದ ಮ್ಯಾಲ ಕೈ ಇಟ್ಟು ಕೂಡತಾರ, ಕೈಗೆ ತಿಳೀತದ ಅಂತಾರ. ನಿಮ್ಮ ಮುಂದ ಹೇಳಬ್ಯಾಡ ಅಂದಾರ."

ಪಿಪ್ ಅನ್ನುವುದು ತೆಳುವಾದ ಸದ್ದು, ಕೈಗೆ ಹತ್ತುವಂಥದ್ದಲ್ಲ. ವಾರ್ತೆ ಓದುವವರ ದಪ್ಪ ದನಿ ಶುರುವಾದಾಗ ಪೆಟ್ಟಿಗೆ ನಡುಗುತ್ತದೆ. ಕಾಕಾ ಗಡಿಯಾರ ಹಚ್ಚುತ್ತಿದ್ದದ್ದು ಆ ನಡುಕಕ್ಕೆ, ಅದಕ್ಕೇ ಕೆಲವು ಸೆಕೆಂಡು ಹಿಂದೆ. ಪಿಪ್ ಕೇಳಿಸದು ಅಂದರೆ ಮೋರ್ಸ್ ಸ್ವರವೂ ಕೇಳಿಸದು ಅಂತ ಒಪ್ಪಿದ ಹಾಗೆ. ಅದೊಂದನ್ನು ಅವರು ಒಪ್ಪಲು ತಯಾರಿರಲಿಲ್ಲ. ನನಗೆ ಅಳು ಬಂತು, ಆದರೆ ಅಳುವ ಹೊತ್ತಲ್ಲ. ಕಿಟಕಿಯ ಆಚೆ ಬೆಳಕು ಇಳಿಯುತ್ತಿತ್ತು.

"ಕಾಕೂ, ಹಾಳಿ ಮ್ಯಾಲ ಬರದು ತೋರ್ಸ್ರಿ. ನಾ ಇಲ್ಲಿಂದ ಎಣಸ್ತೇನಿ. ನೀವು ಅವ್ರ ಹೆಗಲ ಮ್ಯಾಲ ತಟ್ರಿ. ತಟ್ಟಿದ ಕೂಡ್ಲೆ ಅವ್ರು ಗಡಿಯಾರ ಹಚ್ಚಲಿ."

ಕಾಗದದ ಸದ್ದು. ಆಮೇಲೆ ಕಾಕಾರ ದನಿ, ತನ್ನ ದನಿ ತನಗೇ ಕೇಳದವರ ಎತ್ತರದ ದನಿ: "ಅಕಿಗೆ ಹೇಳಿದಿ?"

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನು ಎದ್ದು ಹೋಗಿಬಿಡುತ್ತಾರೆ ಅಂದುಕೊಂಡೆ.

"ಹೇಳೇನಿ. ಏನೀಗ? ಕೂಡ್ರಿ" ಅಂದರು ಕಾಕೂ. ಕಾಕಾರಿಗೆ ಕೇಳಿಸಿರಲಾರದು, ಮುಖ ನೋಡಿ ತಿಳಿದಿರಬೇಕು. ಕುರ್ಚಿ ಎಳೆದ ಸದ್ದು ಬಂತು.

ಎಣಿಸಿದೆ. ಮೂರು, ಎರಡು, ಒಂದು, ಹೂಂ. ಫೋನಿನಲ್ಲಿ ತಟ್ಟಿದ ಸಪ್ಪಳ ಕೇಳಿತು, ಅದರ ಹಿಂದೆಯೇ ಕೀಲಿ ಒತ್ತಿದ್ದು.

ಮುಂದಿನ ಅಡ್ಡಗೆರೆ ಬಿತ್ತು. ಹಳದಿ ಗೆರೆ ಅದಕ್ಕೆ ಅಂಟಿಕೊಂಡೇ ಶುರುವಾಯಿತು. ಗೆರೆ ಮುಗಿದ ಕ್ಷಣ ಪರದೆಯ ಮೇಲೆ ಕಾಕಾರ ಕರೆಸಂಕೇತ ಮೂಡಿತು. ಉತ್ತರ ಕಳಿಸಿದೆ. ಫೋನಿನಲ್ಲಿ ಕಾಕೂ "ಬಂತು, ಬಂತು, ನಿನ್ನ ಹೆಸರು ಬಂತು" ಅಂತ ಕೂಗಿದರು. ಸಿಗ್ನಲ್ ಎಷ್ಟು ಜೋರು ಬಂತೆಂಬ ಅವರ ವರದಿ, ನನ್ನ ವರದಿ, ಎರಡೂ ಮುಟ್ಟಿದವು. ಸಂಪರ್ಕ ಪೂರ್ತಿಯಾಯಿತು.

ಕೊನೆಯಲ್ಲಿ ಬೇಕಾದರೆ ನಮ್ಮದೇ ಮಾತು ಕಳಿಸಬಹುದು, ಹದಿಮೂರು ಇಂಗ್ಲಿಷ್ ಅಕ್ಷರ ಹಿಡಿಯುತ್ತವೆ. ತಾರ್ ಆಫೀಸಿನವರು, ಅಳೆದು ಬರೆಯುವುದು ಅವರಿಗೆ ಗೊತ್ತು. ಅಷ್ಟರಲ್ಲೇ ಹಿಡಿಸಿ ಕಳಿಸಿದ್ದರು:

ಕೇಳಿಸ್ತು ತಂಗಿ.

"ಹೌದ್ರಿ ಕಾಕಾ, ನನಗೂ ಕೇಳಿಸ್ತ್ರಿ" ಅಂತ ಫೋನಿನಲ್ಲಿ ಒದರಿದೆ. ಅವರಿಗೆ ಅದು ಕೇಳಿಸುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.