ಚರಗ ಉಂಡ ಚಿಗರಿಗಳು

ಆಗ ನಮ್ಮ ಓಣಿಯ ಪ್ರತಿ ಮನೆಗೂ ಒಂದೊಂದು ಚಿಗರಿ ಇತ್ತು. ಕಟ್ಟಿಹಾಕಿದ್ದಲ್ಲ, ಸಾಕಿದ್ದೂ ಅಲ್ಲ. ಕೊಟ್ಟೂರು, ಕೂಡ್ಲಿಗಿ ಸೀಮೆಯ ಬೀಳುಗಳನ್ನು ನೋಡಿದವರಿಗೆ ಚಿಗರಿ ಯಾವುದೆಂದು ಹೇಳಬೇಕಾಗಿಲ್ಲ; ಉಳಿದವರು ಅದನ್ನು ಕೃಷ್ಣಮೃಗ ಎನ್ನುತ್ತಾರೆ. ನಮ್ಮೂರ ಪಡುವಣಕ್ಕೆ ಶೇಂಗಾ ಹೊಲಗಳನ್ನು ದಾಟಿದರೆ ಗುಡ್ಡದ ಬುಡದವರೆಗೂ ಬೀಳು ಭೂಮಿ. ಅವುಗಳ ಹಿಂಡು ಅಲ್ಲಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನೂ ಪಕ್ಕದ ಮನೆಯ ಶಬಾನಾಳೂ ರೊಟ್ಟಿಗೆ ಶೇಂಗಾಪುಡಿ ಸವರಿ, ಸುರುಳಿ ಸುತ್ತಿಕೊಂಡು ಹೋಗಿ, ಬದುವಿನ ಮೇಲೆ ಕೂತು ತಿನ್ನುತ್ತಾ ಅವು ಜಿಗಿಯುವುದನ್ನು ನೋಡುತ್ತಿದ್ದೆವು. ಆಮೇಲೆ ನಾವೂ ಹಾಗೇ ಜಿಗಿಯುವ ಆಟ. ಶಬಾನಾ ಯಾವಾಗಲೂ ಗೆಲ್ಲುತ್ತಿದ್ದಳು, ನಾನು ಯಾವಾಗಲೂ ಮೊಣಕಾಲು ತರಚಿಕೊಳ್ಳುತ್ತಿದ್ದೆ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ, ಇನ್ನೇನು ಬೇಸಿಗೆ ಬಂತು ಎನ್ನುವ ಹೊತ್ತಿಗೆ, ಕಾಡುಪ್ರಾಣಿಗಳನ್ನು ಕಾಯುವ ಸಂಘವೊಂದರವರು ಊರಿಗೆ ಬಂದರು. ಮನೆಗೊಂದು ಚಿಗರಿಯನ್ನು ದತ್ತು ಕೊಡುತ್ತೇವೆ ಎಂದರು. ಒಂದೊಂದಕ್ಕೂ ಫೋಟೊ ಇದ್ದ ಕಾರ್ಡು. ಅದರ ಕೆಳಗೆ ನಾವೇ ಒಂದು ಹೆಸರು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಸಂಜೆ ಹಿರಿಯರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ ಸಂಘದವನೊಬ್ಬ ತಿಳಿಹೇಳಿದ.

“ದತ್ತು ಅಂದ್ರೆ ಹೆಸರಿಗೆ ಮಾತ್ರ. ಮುಟ್ಟಬಾರದು, ತಿನ್ನಿಸಬಾರದು. ನಾಯಿ ಬಿಡಬೇಡಿ, ಬೇಟೆಯವರು ಬಂದ್ರೆ ತಿಳಿಸಿ, ಬೇಸಿಗೆಗೆ ಒಂದಿಷ್ಟು ನೀರಿಡಿ. ಅಷ್ಟೇ.”

ನಮ್ಮಜ್ಜಿಗೆ ಇದು ಹಿಡಿಸಲಿಲ್ಲ. “ಉಣ್ಣಾಕ ಇಕ್ಕಲಾರದ ದತ್ತು ಎಂಥಾದ್ದೋ ತಮ್ಮಾ? ದತ್ತು ತಂದ ಕೂಸಿನ್ನ ಯಾರರ ಉಪಾಸ ಕೆಡವ್ತಾರೇನು?”

ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ನಗುವುದನ್ನು ಬಿಟ್ಟು ಇನ್ನೊಂದು ಸಲ ಬಿಡಿಸಿ ಹೇಳಬಾರದಿತ್ತೇ ಎಂದು ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ನಮ್ಮ ಮನೆಯದಕ್ಕೆ ಅಜ್ಜಿ ಗೌರಿ ಎಂದು ಹೆಸರಿಟ್ಟಳು. ಶಬಾನಾಳದು ಮುನ್ನಿ. ತಿರುಚಿದ ಕೋಡಿನ ಕರಿ ಗಂಡೊಂದಿತ್ತು. ಅದನ್ನು ಒಬ್ಬರ ಮನೆಗೆ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ಕೆಲಸವಿಲ್ಲದಿದ್ದರೂ ಎದೆ ಸೆಟೆಸಿ ಓಡಾಡುತ್ತದೆ ಎಂದು ಅದಕ್ಕೆ ಮೆಂಬರ್ ಎಂದು ಹೆಸರಾಯಿತು. ನಿಜವಾದ ಪಂಚಾಯ್ತಿ ಮೆಂಬರು ನಮ್ಮ ಓಣಿಯವನೇ, ಅವನೂ ನಗುತ್ತಿದ್ದ.

ನೀರಿನ ಕೆಲಸ ಶಬಾನಾಳ ಅಪ್ಪನಿಗೆ ಬಂತು. ಓಣಿಯ ತುದಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮಾಬುಸಾಬರು. ನಮಗೆಲ್ಲ ಮಾಬು ಕಾಕಾ. ಹಳೆಯ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕೊಯ್ಯದ ಹಾಗೆ ಅಂಚು ಮಡಿಸಿ, ಡೀಸೆಲ್ ವಾಸನೆ ಹೋಗುವವರೆಗೂ ಬೂದಿ ಹಾಕಿ ತಿಕ್ಕಿಸಿದರು. ತಿಕ್ಕಿದವರು ನಾನೂ ಶಬಾನಾಳೂ. ಆ ತೊಟ್ಟಿಯನ್ನು ಬೀಳಿನಲ್ಲಿ ಹೂತು, ದಿನಾ ಬೆಳಿಗ್ಗೆ ಮೋಟರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗಿ ನೀರು ತುಂಬಿಸುತ್ತಿದ್ದರು. ಯಾರೂ ಹೇಳಿದ್ದಲ್ಲ, ಅದು ಅವರ ಖುಷಿ.

ಅಜ್ಜಿಗೆ ಬರೀ ನೀರು ಸಾಲದೆನಿಸಿತು. ಒಂದು ದಿನ ಜೋಳದ ಗುಗ್ಗರಿ ಬೇಯಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತೊಟ್ಟಿಯ ಪಕ್ಕ ಸುರಿದು ಬಂದಳು. “ನೀರು ಕುಡಿಸಿ ಕಳಸಾಕ ಅವೇನು ದಾರಿ ಮ್ಯಾಲಿನ ಮಂದಿಯೇನು?” ಎಂದಳು. ಮರುವಾರ ಶಬಾನಾಳ ಅಮ್ಮನೂ ಒಂದು ಬೊಗಸೆ ಒಯ್ದರು. ಆಮೇಲೆ ಓಣಿಯ ಹೆಂಗಸರೆಲ್ಲ. ಮೊದಮೊದಲು ನಮ್ಮನ್ನು ಕಂಡರೆ ಗುಡ್ಡ ಸೇರುತ್ತಿದ್ದ ಹಿಂಡು, ಮಳೆಗಾಲ ಮುಗಿಯುವ ಹೊತ್ತಿಗೆ ನಾವು ತೊಟ್ಟಿ ಬಿಟ್ಟು ಹಿಂದೆ ಸರಿಯುವುದನ್ನೇ ಕಾಯತೊಡಗಿತು. ನಮಗದು ದೊಡ್ಡ ಗೆಲುವಿನಂತೆ ಕಂಡಿತ್ತು.

ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತೊಯ್ದು, ‘ಹುಲ್ಲುಲ್ಲಿಗೋ’ ಎನ್ನುತ್ತಾ ಬೆಳೆಯ ನಡುವೆ ಭೂಮಿತಾಯಿಗೆ ತುತ್ತು ತುತ್ತಾಗಿ ಎರಚಿ, ಉಳಿದದ್ದನ್ನು ಅಲ್ಲೇ ಕೂತು ಉಣ್ಣುವುದು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಕಡುಬು, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಆ ವಾಸನೆಗೆ ನಾವು ಮುಂಜಾನೆಯಿಂದಲೇ ಒಲೆಯ ಸುತ್ತ ಸುಳಿಯುತ್ತಿದ್ದೆವು. ಆ ವರ್ಷ ಹೊಲಕ್ಕೆ ಚೆಲ್ಲಿದ ಮೇಲೆ ಎಲ್ಲರೂ ಬೀಳಿನ ಕಡೆ ತಿರುಗಿದರು. ಮನೆಯ ಮಕ್ಕಳಿಗೆ ಹಬ್ಬದೂಟ ಇಕ್ಕಬೇಡವೇ? ಒಬ್ಬೊಬ್ಬರೂ ತಮ್ಮ ತಮ್ಮ ಚಿಗರಿಯ ಪಾಲಿನ ಅನ್ನ, ಗುಗ್ಗರಿ, ಹೋಳಿಗೆ ತೊಟ್ಟಿಯ ಸುತ್ತ ಇಟ್ಟರು. ಶಬಾನಾಳ ಅಮ್ಮನೂ ಮುನ್ನಿಗೆಂದು ಗುಗ್ಗರಿ ಕಳಿಸಿದ್ದರು. ಎತ್ತಿಗೆ ಅಷ್ಟು ಅನ್ನ ಯಾರೂ ಹಾಕುತ್ತಿರಲಿಲ್ಲ, ಹೊಟ್ಟೆ ಉಬ್ಬುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ತಾನು ತಂದದ್ದು ಒಂದು ಬೊಗಸೆ ಅಲ್ಲವೇ ಎಂದು ಒಬ್ಬೊಬ್ಬರೂ ಅಂದುಕೊಂಡರು. ಎಲ್ಲ ಸೇರಿ ರಾಶಿಯಾದದ್ದನ್ನು ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನೀರು ತುಂಬಿಸಲು ಹೋದ ಮಾಬು ಕಾಕಾ ಓಡುತ್ತಾ ಬಂದರು. ನಾವೆಲ್ಲ ಹೋಗಿ ನೋಡಿದರೆ ಹಿಂಡು ನೆಲಕ್ಕೆ ಬಿದ್ದಿತ್ತು. ಹೊಟ್ಟೆಗಳು ಬಿಗಿದು ನಗಾರಿಯಾಗಿದ್ದವು. ಹುಳಿ ಬಂದ ಹಿಟ್ಟಿನ ವಾಸನೆ. ಕೆಲವು ಆಗಲೇ ಸತ್ತಿದ್ದವು, ಕೆಲವು ಕಾಲು ಆಡಿಸುತ್ತಾ ಹಲ್ಲು ಮಸೆಯುತ್ತಿದ್ದವು. ಮೆಂಬರ್ ಏಳಲು ನೋಡಿ, ಮುಗ್ಗರಿಸಿ, ಕೋಡು ಮಣ್ಣಿಗೆ ಊರಿ ಬಿದ್ದುಕೊಂಡ. ಅಜ್ಜಿ ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಏಳ ನನ್ನವ್ವ, ಏಳ” ಎನ್ನುತ್ತಿದ್ದಳು. ಕಾಕಾ ಅದರ ಹೊಟ್ಟೆ ತಿಕ್ಕಿದರು. ಗೌರಿ ಕಣ್ಣು ತೆರೆದೇ ಸತ್ತಿತು. ನಾನು ಮೊದಲ ಸಲ ಸಾವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆವತ್ತೇ.

ಉಳಿದವಾದರೂ ಬದುಕಲಿ ಎಂದು ಕಾಕಾ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಅದು ತಿಳಿದದ್ದೇ ತಡ, ಓಣಿಯವರ ಮುಖ ಬದಲಾಯಿತು. ಚಿಗರಿ ಸತ್ತರೆ ದೊಡ್ಡ ಕೇಸು, ಜಾಮೀನೂ ಆಗುವುದಿಲ್ಲ ಎಂದು ಯಾರೋ ಅಂದರು. ಹೆಂಗಸರು ಉಳಿದ ಅನ್ನವನ್ನೆಲ್ಲ ಬಳಿದು ಹಳ್ಳಕ್ಕೆ ಸುರಿದರು. ಬುಟ್ಟಿಗಳನ್ನು ತೊಳೆದು ಬೋರಲು ಹಾಕಿದರು. ಜೀಪು ಬರುವಷ್ಟರಲ್ಲಿ ಬೀಳಿನಲ್ಲಿ ಚಿಗರಿಗಳು ಮತ್ತು ತೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ.

ಜೊತೆಗೆ ಬಂದಿದ್ದ ದನದ ಡಾಕ್ಟರು ಒಂದರ ಹೊಟ್ಟೆ ಕೊಯ್ದು ನೋಡಿದರು. “ಬರೇ ಅನ್ನ, ಜೋಳ ಐತಿ. ಹುಲ್ಲು ತಿನ್ನೋ ಹೊಟ್ಟಿಗೆ ಇದ ವಿಷ ಆಗಿಬಿಟ್ಟೈತಿ” ಎಂದರು.

“ಯಾರು ಹಾಕಿದ್ದು?” ಎಂದು ಅಧಿಕಾರಿ ಕೇಳಿದರು. ಮುಂದೆ ನಿಂತವರು ಹಿಂದೆ ಸರಿದರು. ಅಧಿಕಾರಿ ಕೋಲಿನಿಂದ ತೊಟ್ಟಿಗೆ ಬಡಿದರು. “ಇದು ಯಾರದು?”

“ನಂದ ರೀ ಸಾಹೇಬ್ರ. ನಾನ ಇಟ್ಟೀನಿ” ಎಂದರು ಮಾಬು ಕಾಕಾ. ಹಾಗೆಂದು ನಮ್ಮಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ. ಅಜ್ಜಿ, “ಸಾಹೇಬ್ರ, ನಾವೂ...” ಎಂದು ಏಳಹೋದಳು. ಅಪ್ಪ ಅವಳ ಹೆಗಲು ಒತ್ತಿ ಹಿಡಿದ.

“ಸುಮ್ನಿರಬೇ ನೀನು. ಹೇಳಿದ್ರ ಎಲ್ಲಾರೂ ಒಳಗ ಹೋಗ್ತೀವಿ.”

ಜೀಪು ಕಾಕಾರನ್ನು ಹತ್ತಿಸಿಕೊಂಡು ಹೋಯಿತು. ವಿಚಾರಣೆಗೆಂದು ಕೆಲವು ದಿನ ಇಟ್ಟುಕೊಂಡು ಬಿಟ್ಟರು. ಅವರು ತಿರುಗಿ ಬರುವಷ್ಟರಲ್ಲಿ ಊರಿನಲ್ಲಿ ಕಥೆಯೇ ಬೇರೆಯಾಗಿತ್ತು. ಮಾಂಸಕ್ಕಾಗಿ ನೀರಿಗೆ ಏನೋ ಬೆರೆಸಿದ್ದನಂತೆ ಎಂದು ಮೊದಲು ಅಂದವರು ಯಾರೋ ತಿಳಿಯದು. ಅಲ್ಲ ಎಂದವರು ಮಾತ್ರ ಯಾರೂ ಇಲ್ಲ. ಚರಗದಿಂದ ಸತ್ತವು ಎನ್ನುವುದಕ್ಕಿಂತ ಆ ಮಾತು ಎಲ್ಲರಿಗೂ ಹಗುರವಾಗಿತ್ತು. ಕಾಕಾ ವಿಚಾರಣೆಯಲ್ಲಿ ಒಬ್ಬರ ಹೆಸರನ್ನೂ ಹೇಳಿರಲಿಲ್ಲ. ಆದರೂ ಅವರ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರೂ ನಿಲ್ಲಲಿಲ್ಲ. ಶಾಲೆಯಲ್ಲಿ ಹುಡುಗಿಯರು ಶಬಾನಾಳ ಪಕ್ಕದಿಂದ ಎದ್ದು ಹೋದರು.

ಒಂದು ಬೆಳಿಗ್ಗೆ ಅವರ ಸಾಮಾನೆಲ್ಲ ಟೆಂಪೊ ಏರಿತು. ಹರಪನಹಳ್ಳಿಗೆ ಹೋಗುತ್ತೇವೆ ಎಂದಳು ಶಬಾನಾ. ನಾನು ಅವಳ ಕೈ ಹಿಡಿದುಕೊಂಡಿದ್ದೆ. “ನಿಮ್ಮಪ್ಪ ಯಾಕ ಹೇಳಲಿಲ್ಲ?” ಎಂದು ಕೇಳಿದಳು. ಜಗಳದ ದನಿಯಿರಲಿಲ್ಲ, ನನಗೆ ಗೊತ್ತಿದ್ದರೆ ಹೇಳಲಿ ಎಂಬಂತೆ ಕೇಳಿದ್ದಳು. ಅಷ್ಟರಲ್ಲಿ ಅವಳ ಅಮ್ಮ ಕರೆದರು.

ಉಳಿದ ನಾಲ್ಕಾರು ಚಿಗರಿಗಳು ಎತ್ತ ಹೋದವೋ, ಮತ್ತೆ ಬರಲಿಲ್ಲ. ಬೀಳಿನ ತುಂಬ ಈಗ ಸೋಲಾರ್ ಹಲಗೆಗಳು, ಸುತ್ತ ತಂತಿ ಬೇಲಿ. ಅಜ್ಜಿ ಸಾಯುವವರೆಗೂ ಇನ್ನೊಮ್ಮೆ ಚರಗಕ್ಕೆ ಬುಟ್ಟಿ ಹೊರಲಿಲ್ಲ. ಹಿಂಡು ಹೋದದ್ದಕ್ಕೆ ನಾನು ಅತ್ತಿದ್ದೇನೆ. ಆದರೆ ಒಂದು ಮನೆಯ ಗುಗ್ಗರಿ ಇನ್ನೊಂದು ಮನೆಯ ಒಲೆಯ ಮೇಲೆ ಬೇಯುತ್ತಿದ್ದ ಆ ಓಣಿ ಹೋದದ್ದಕ್ಕೆ ಅಳಲು ಜೊತೆಗೆ ಯಾರೂ ಇಲ್ಲ. ಹೋಯಿತೆಂದೇ ಅಲ್ಲಿಯವರು ಒಪ್ಪುವುದಿಲ್ಲ.

ಮೊನ್ನೆ ತವರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ತಮ್ಮನ ಮಗಳು ಕೇಳಿದಳು: “ಅತ್ತಿ, ಹಿಂದಕ ಇಲ್ಲೊಬ್ಬ ಸಾಬ ಇದ್ನಂತ, ಚಿಗರಿಗೆಲ್ಲಾ ವಿಷ ಹಾಕಿ ಕೊಂದ್ನಂತ, ಹೌದಾ?”

“ವಿಷ ಅಲ್ಲವ್ವಾ, ಹೋಳಿಗಿ” ಎಂದೆ. “ನಮ್ಮನಿ ಹೋಳಿಗೀನೂ ಇತ್ತು ಅದರಾಗ.”

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹಳೇದೆಲ್ಲಾ ಈಗ್ಯಾಕ? ಉಣ್ಣವ್ವಾ ನೀನು” ಎಂದ. ಹುಡುಗಿ ನನ್ನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು, ಊಟ ಮುಂದುವರಿಸಿದಳು. ಅವಳು ಶಾಲೆಯಲ್ಲಿ ಗೆಳತಿಯರಿಗೆ ಯಾವ ಕಥೆ ಹೇಳುತ್ತಾಳೆಂದು ನನಗೆ ಗೊತ್ತು.